ಹಿಟ್ಟಿನ ಹುಂಜ ಮತ್ತು ಕೈಯೊಳಗಿನ ಮೊಬೈಲು

ಶ್ರೀ ವೀತರಾಗಾಯ ನಮಃ



ಮಹಾಕವಿ ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ಕೇಳದ ಜೈನ ಮನೆತನ ವಿರಳ. ಉಜ್ಜಯಿನಿಯ ಅರಸು ಯಶೋಧರನು ಜೀವಬಲಿಗೆ ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನಿಂದ ಮಾಡಿದ ಹುಂಜವೊಂದನ್ನು ದೇವಿಯ ಮುಂದೆ ಕಡಿದನು. ಅಲ್ಲಿ ಕಡಿದದ್ದು ಬರಿಯ ಹಿಟ್ಟು. ಆದರೆ ಕೊಲ್ಲುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ಅದರ ಫಲವಾಗಿ ತಾಯಿ-ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಂಚ ಜನ್ಮಗಳಲ್ಲಿ ಹುಟ್ಟಿ ಬಳಲಿದರು. ಕಡಿದವನು ಮಗ, ಕಡಿಸಿದವಳು ತಾಯಿ. ದುಃಖ ಇಬ್ಬರಿಗೂ ಬಂದಿತು.

ಇಂದಿನ ಮಕ್ಕಳ ಕೈಯಲ್ಲಿಯೂ ಇಂತಹ ಹಿಟ್ಟಿನ ಹುಂಜವೊಂದಿದೆ. ಗೆಳೆಯನ ಚಿತ್ರವನ್ನು ವಿಕಾರಗೊಳಿಸಿ ವಾಟ್ಸಾಪ್ ಗುಂಪಿಗೆ ಹಾಕುವುದು, ಸಹಪಾಠಿಯ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವುದು, ಒಬ್ಬರನ್ನು ಗುರಿಯಾಗಿಸಿ ಹತ್ತು ಜನ ಹೀಯಾಳಿಸುವುದು — ಇವೆಲ್ಲವನ್ನೂ ಮಾಡಿ, ‘ಸುಮ್ಮನೆ ಚೇಷ್ಟೆ, ಬರೀ ಮೊಬೈಲಿನಲ್ಲಿ’ ಎನ್ನುತ್ತಾರೆ. ಹುಂಜವು ಹಿಟ್ಟಿನದೆಂಬ ಯಶೋಧರನ ಸಮಾಧಾನಕ್ಕೂ ಈ ಮಾತಿಗೂ ಭೇದವಿಲ್ಲ. ಗುರಿಯಾದ ಮಗುವಿನ ನೋವು ಮಾತ್ರ ಹಿಟ್ಟಿನದಲ್ಲ.

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮೊಬೈಲು ಪಾಠಪುಸ್ತಕದ ರೂಪದಲ್ಲಿ ಹಳ್ಳಿಹಳ್ಳಿಯ ಮಕ್ಕಳ ಕೈಗೆ ಬಂದಿತು. ಶಾಲೆ ತೆರೆದ ಮೇಲೂ ಅದು ಹಿಂದಿರುಗಲಿಲ್ಲ. ದರಿಬಡಚಿಯಂತಹ ಜತ್ತ ತಾಲೂಕಿನ ಗಡಿಗ್ರಾಮದ ಮಗುವಿಗೆ ಮನೆಯಲ್ಲಿ ಕನ್ನಡ, ಕಚೇರಿ-ಪೇಟೆಗಳಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ-ಇಂಗ್ಲಿಷ್. ಹೆಚ್ಚಿನ ಓದಿಗೆ ಸಾಂಗ್ಲಿಗೋ ವಿಜಯಪುರಕ್ಕೋ ಹೋದಾಗ ಅದರ ಮರಾಠಿಯಲ್ಲಿ ಕನ್ನಡದ ಎಳೆಯೂ ಕನ್ನಡದಲ್ಲಿ ಮರಾಠಿಯ ಎಳೆಯೂ ಕೇಳಿಸುವುದು ಸಹಜ. ಆ ಉಚ್ಚಾರವನ್ನೇ ಧ್ವನಿಮುದ್ರಿಸಿ ಗುಂಪಿನಲ್ಲಿ ನಗೆಗೆ ಇಟ್ಟರೆ ಆ ಮಗುವು ತನ್ನ ತಾಯಿಯ ಮಾತಿಗೇ ನಾಚಿಕೊಳ್ಳಲು ಕಲಿಯುತ್ತದೆ. ಹಿಂದೆ ಶಾಲೆಯ ಅಂಗಳದ ಗೇಲಿಯು ಗಂಟೆ ಬಾರಿಸಿದೊಡನೆ ಮುಗಿಯುತ್ತಿತ್ತು. ಈಗಿನದು ಮಗುವಿನೊಡನೆ ಮನೆಗೆ ಬರುತ್ತದೆ, ರಾತ್ರಿ ಹಾಸಿಗೆಯಲ್ಲಿಯೂ ಎಚ್ಚರಿಸುತ್ತದೆ, ಅಳಿಸಿದರೂ ಇನ್ನೊಬ್ಬರ ಮೊಬೈಲಿನಲ್ಲಿ ಉಳಿಯುತ್ತದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೂರನ್ನು ಕೇಳಿದರೆ ಈ ಕಾಲವನ್ನು ಕಂಡೇ ಹೇಳಿದಂತಿದೆ. ಇತರರ ಏಕಾಂತದ ವಿಷಯವನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ನಂಬಿ ಕಳಿಸಿದ ಚಿತ್ರವನ್ನು ಹರಡುವುದು ಇದೇ. ಕಪಟದ ಬರಹವನ್ನು ಸೃಷ್ಟಿಸುವುದು ಕೂಟಲೇಖಕ್ರಿಯೆ. ಸುಳ್ಳು ಖಾತೆ, ತಿದ್ದಿದ ಸ್ಕ್ರೀನ್‌ಶಾಟ್ ಇದೇ. ಇಂಗಿತದಿಂದ ಅರಿತ ಗುಟ್ಟನ್ನು ಹೊರಗೆಡಹುವುದು ಸಾಕಾರಮಂತ್ರಭೇದ. 2020ರ ಮೇ ತಿಂಗಳಲ್ಲಿ ದೆಹಲಿಯ ಶಾಲಾ ಬಾಲಕರ ಇನ್‌ಸ್ಟಾಗ್ರಾಮ್ ಗುಂಪೊಂದು ಬಾಲಕಿಯರ ಚಿತ್ರಗಳನ್ನು ಹಂಚಿಕೊಂಡು ಅಸಭ್ಯವಾಗಿ ಮಾತನಾಡಿದ್ದು ಬಯಲಾಗಿ, ದೆಹಲಿ ಪೊಲೀಸರ ಸೈಬರ್ ವಿಭಾಗವು ತನಿಖೆ ನಡೆಸಬೇಕಾಯಿತು. ಕಲಿತ ಮನೆತನಗಳ ಮಕ್ಕಳೂ ಇದರಿಂದ ದೂರವಿಲ್ಲವೆಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

‘ಬರೆದವನು ಬೇರೆ, ಮುಂದಕ್ಕೆ ಕಳಿಸಿದ್ದಷ್ಟೇ’ ಎಂದು ಕೆಲವರು, ‘ನೋಡಿ ನಕ್ಕದ್ದಷ್ಟೇ’ ಎಂದು ಹಲವರು ಹೇಳುವುದುಂಟು. ಇದಕ್ಕೆ ಉತ್ತರವು ಜಪಮಾಲೆಯಲ್ಲಿಯೇ ಇದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು; ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳು; ಮನ, ವಚನ, ಕಾಯಗಳೆಂಬ ಮೂರು ಯೋಗಗಳು; ಕೃತ, ಕಾರಿತ, ಅನುಮತಗಳೆಂಬ ಮೂರು ಬಗೆಗಳು. ಇವನ್ನು ಗುಣಿಸಿದರೆ 108 ಆಗುತ್ತದೆ. ಪಾಪವು ಒಳಬರುವ ಅಷ್ಟು ಬಾಗಿಲುಗಳನ್ನು ಅಷ್ಟು ಮಣಿಗಳು ನೆನಪಿಸುತ್ತವೆ. ಬರೆದವನದು ಕೃತ, ಬರೆಯಲು ಹುರಿದುಂಬಿಸಿದವನದು ಕಾರಿತ, ಮೆಚ್ಚಿ ಹೆಬ್ಬೆರಳಿನ ಗುರುತು ಒತ್ತಿದವನದು ಅನುಮತ. ಮುಂದಕ್ಕೆ ಕಳಿಸಿದವನು ತಾನೂ ಕರ್ತೃವೇ ಆದನು. ಬೆಳಿಗ್ಗೆ ಜಪಮಾಲೆ ಹಿಡಿದ ಕೈಯೇ ಸಂಜೆ ಇನ್ನೊಬ್ಬರ ಮಗಳ ಮೇಲಿನ ಅಪವಾದವನ್ನು ಕುಟುಂಬದ ಗುಂಪಿಗೆ ಕಳಿಸಿದರೆ ಮನೆಯ ಮಕ್ಕಳು ಯಾವುದನ್ನು ಕಲಿಯಬೇಕು? ಚಂದ್ರಮತಿಯ ಕಥೆ ಹಿರಿಯರಿಗಾಗಿಯೇ ಇದೆ.

ಇನ್ನು ನೊಂದ ಮಗುವಿನ ವಿಷಯ. ಲವಲವಿಕೆಯಿದ್ದ ಮಗು ಮೌನವಾಗುವುದು, ಊಟ ಬಿಡುವುದು, ಶಾಲೆಗೆ ಹೋಗಲು ಒಲ್ಲೆನೆನ್ನುವುದು, ಮೊಬೈಲು ಸದ್ದಾದರೆ ಬೆಚ್ಚುವುದು — ಇವು ಗಮನಿಸಬೇಕಾದ ಲಕ್ಷಣಗಳು. ಆಗ ‘ನೀನೇ ಏನೋ ಮಾಡಿರಬೇಕು’ ಎನ್ನಬಾರದು. ಮೊಬೈಲು ಕಸಿದುಕೊಳ್ಳುವೆವೆಂದು ಹೆದರಿಸಬಾರದು. ಹೆದರಿದ ಮಗು ಮುಂದಿನ ಸಲ ಹೇಳುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ‘ಇದು ನಿನ್ನ ಪೂರ್ವಕರ್ಮ, ಸಹಿಸಿಕೋ’ ಎಂದು ಸಿದ್ಧಾಂತವನ್ನು ಮಗುವಿನ ಮೇಲೆ ಹೇರಬಾರದು. ಕರ್ಮಸಿದ್ಧಾಂತವಿರುವುದು ತನ್ನ ನಡೆಯನ್ನು ತಿದ್ದಿಕೊಳ್ಳಲು. ಅಳುವವರ ಬಾಯಿ ಮುಚ್ಚಿಸಲು ಅಲ್ಲ. ಸ್ಥಿತಿಕರಣ, ವಾತ್ಸಲ್ಯಗಳು ಸಮ್ಯಗ್ದರ್ಶನದ ಅಂಗಗಳು. ಕುಸಿಯುತ್ತಿರುವವರನ್ನು ಹಿಡಿದು ನಿಲ್ಲಿಸುವುದೇ ಅಲ್ಲಿ ಧರ್ಮ.

ದೂರು ಕೊಟ್ಟರೆ ಕ್ಷಮಾಧರ್ಮಕ್ಕೆ ಭಂಗವೆಂಬ ಶಂಕೆಯೂ ಬೇಡ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಬೇಕು. ಆಶ್ರಿತರ ರಕ್ಷಣೆಗಾಗಿ ಅನ್ಯಾಯವನ್ನು ಎದುರಿಸುವುದು ಅವನಿಗೆ ನಿಷಿದ್ಧವಲ್ಲ. ಬಂದ ಸಂದೇಶಗಳನ್ನು ದಿನಾಂಕ ಸಹಿತ ಉಳಿಸಿಕೊಂಡು, ಬಳಿಕ ಆ ಸಂಖ್ಯೆಯನ್ನು ತಡೆಯಬೇಕು. ಶಾಲೆಯ ಗುರುಗಳಿಗೆ ತಿಳಿಸಬೇಕು. ಮಗುವಿನ ಅಶ್ಲೀಲ ಚಿತ್ರವಾಗಿದ್ದರೆ ಸಾಕ್ಷಿಗೆಂದೂ ಯಾರಿಗೂ ಕಳಿಸದೆ ನೇರವಾಗಿ ಪೊಲೀಸರಿಗೆ ಹೇಳಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಗುರುತನ್ನು ಮೋಸದಿಂದ ಬಳಸುವುದು ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಮಕ್ಕಳ ಲೈಂಗಿಕ ರಕ್ಷಣೆಗೆ 2012ರ ಪೋಕ್ಸೊ ಕಾಯ್ದೆಯಿದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮನಸ್ಸು ಕುಗ್ಗಿದಾಗ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು.

ಪೀಡಿಸಿದ ಮಗುವೂ ಸಮಾಜದ ಮಗುವೇ. ಅದನ್ನು ಹತ್ತು ಜನರೆದುರು ಅವಮಾನಿಸಿದರೆ ಅದೇ ತಪ್ಪನ್ನು ಹಿರಿಯರು ಮಾಡಿದಂತಾಗುತ್ತದೆ. ಏಕಾಂತದಲ್ಲಿ ಕೂರಿಸಿ, ತಾನು ಬರೆದುದನ್ನು ತನ್ನ ಬಾಯಿಂದಲೇ ಓದಿಸಬೇಕು. ತನ್ನ ದೋಷವನ್ನು ತಾನೇ ಹೇಳಿಕೊಳ್ಳುವ ಆಲೋಚನೆ, ಅದರಿಂದ ಹಿಂದಿರುಗುವ ಪ್ರತಿಕ್ರಮಣ — ಎರಡನ್ನೂ ಮಗುವು ಅಲ್ಲಿಯೇ ಕಲಿಯಲಿ. ಹರಡಿದ್ದನ್ನು ತೆಗೆದುಹಾಕಿ, ಅದೇ ಗುಂಪಿನಲ್ಲಿ ‘ನಾನು ಹಾಕಿದ್ದು ತಪ್ಪು’ ಎಂದು ತಾನೇ ಬರೆಯಲಿ.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಮೊದಲಾಗಿ ಕ್ಷಮಾವಾಣಿಯಲ್ಲಿ ಮುಗಿಯುತ್ತದೆ. ಆ ದಿನ ಸಿದ್ಧಪಡಿಸಿದ ಒಂದೇ ಸಂದೇಶವನ್ನು ಇನ್ನೂರು ಜನರಿಗೆ ಕಳಿಸುವುದು ಈಗ ರೂಢಿ. ನೋಯಿಸಿದ ಆ ಒಬ್ಬರ ಮನೆಯ ಬಾಗಿಲಿಗೆ ಮಗುವಿನ ಕೈ ಹಿಡಿದು ಹೋಗಿ, ಮುಖ ನೋಡಿ ಕ್ಷಮೆ ಕೇಳಿಸಿದರೆ ಪರ್ವವು ಸಾರ್ಥಕ. ಕನ್ನಡದಲ್ಲಿ ಕೇಳಲಿ, ಮರಾಠಿಯಲ್ಲಿ ಕೇಳಲಿ. ಕೇಳುವ ಧ್ವನಿ ಮಗುವಿನದೇ ಆಗಿರಲಿ.

ಜಯ ಜಿನೇಂದ್ರ.