ಅರ್ಧ ತೆರೆದ ಬಾಗಿಲು

ವೇದಭಾಗ: ಧರ್ಮೋಪದೇಶಕಾಂಡ 23ನೆಯ ಅಧ್ಯಾಯ, 15 ಮತ್ತು 16ನೆಯ ವಚನಗಳು.



ಮೋಶೆಯ ಮುಖಾಂತರ ಕೊಡಲ್ಪಟ್ಟ ಈ ವಿಧಿಯಲ್ಲಿ ಎರಡು ಭಾಗಗಳುಂಟು. ಓಡಿಬಂದು ಮರೆಹೊಕ್ಕ ದಾಸನನ್ನು ಯಜಮಾನನ ಕೈಗೆ ತಿರುಗಿ ಕೊಡಬಾರದೆಂಬುದು ಮೊದಲನೆಯದು. ಅವನು ತನಗೆ ಒಪ್ಪಿದ ಊರಲ್ಲಿ ಉಪದ್ರವವಿಲ್ಲದೆ ನಮ್ಮೊಳಗೆ ಬಾಳಲಿ ಎಂಬುದು ಎರಡನೆಯದು. ಮೊದಲನೆಯದನ್ನು ಕೈಕೊಂಡು ಎರಡನೆಯದನ್ನು ಮರೆತರೆ ಆಗುವುದೇನು? ಅಮೇರಿಕ ದೇಶದಲ್ಲಿ 1861ರಿಂದ 1865ರ ವರೆಗೆ ನಡೆದ ಒಳಯುದ್ಧದ ಎರಡು ಸಂಗತಿಗಳು ನಮಗೆ ಇದನ್ನು ಕಲಿಸುತ್ತವೆ.

ಆ ಕಾಲದಲ್ಲಿ ಆ ದೇಶದೊಳಗೆ ಆಫ್ರಿಕ ಮೂಲದ ಸುಮಾರು 40 ಲಕ್ಷ ಜನರು ದಾಸರಾಗಿದ್ದರು. ದಾಸತ್ವವನ್ನು ಬಿಡಲೊಲ್ಲದ ದಕ್ಷಿಣದ ಸೀಮೆಗಳು ಒಕ್ಕೂಟದಿಂದ ಅಗಲಿ ಹೋದದ್ದರಿಂದ ಯುದ್ಧವು ಹುಟ್ಟಿತು. ವರ್ಜೀನಿಯ ಸೀಮೆಯು ದಕ್ಷಿಣದವರ ಪಕ್ಷವನ್ನು ಹಿಡಿದರೂ ಅದರ ಸಮುದ್ರತೀರದಲ್ಲಿರುವ ಮನ್ರೋ ಎಂಬ ಕೋಟೆಯು ಉತ್ತರದ ದಂಡಿನ ವಶದಲ್ಲಿಯೇ ಉಳಿದಿತ್ತು. 1861ನೆಯ ಮೇ 23ರ ರಾತ್ರಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ದಾಸರು ದೋಣಿಯಲ್ಲಿ ಕತ್ತಲೆಯ ನೀರನ್ನು ದಾಟಿ ಆ ಕೋಟೆಗೆ ಬಂದರು. ಅವರು ಆಚೆಯ ದಡದಲ್ಲಿ ದಕ್ಷಿಣದವರ ಫಿರಂಗಿಗಳಿಗಾಗಿ ದಿಬ್ಬ ಕಟ್ಟುತ್ತಿದ್ದವರು. ತಮ್ಮನ್ನು ಕುಟುಂಬದಿಂದ ಅಗಲಿಸಿ ದೂರದ ಕೆರೊಲೈನ ಸೀಮೆಗೆ ಕಳುಹಿಸುವರೆಂದು ತಿಳಿದು ಅವರು ಪ್ರಾಣದ ಆಶೆಯನ್ನು ಬಿಟ್ಟು ಹೊರಟಿದ್ದರು.

ಮರುದಿನ ಯಜಮಾನನ ಕಡೆಯಿಂದ ಒಬ್ಬ ಮೇಜರನು ಬಿಳಿಯ ಬಾವುಟ ಹಿಡಿದು ಬಂದು, ಓಡಿಹೋದ ದಾಸರನ್ನು ಒಪ್ಪಿಸಬೇಕೆಂಬ 1850ರ ಕಾಯಿದೆಯನ್ನು ಎತ್ತಿ ಹೇಳಿ ಅವರನ್ನು ಕೇಳಿದನು. ಕೋಟೆಯ ಸೇನಾಪತಿಯಾದ ಬೆಂಜಮಿನ್ ಬಟ್ಲರನು ಕಸಬಿನಿಂದ ವಕೀಲನು. ಒಕ್ಕೂಟವನ್ನು ಬಿಟ್ಟು ಬೇರೆ ದೇಶವಾದೆವೆನ್ನುವವರಿಗೆ ಒಕ್ಕೂಟದ ಕಾಯಿದೆಯು ಸಲ್ಲದೆಂದೂ, ಈ ಮೂವರು ಶತ್ರುವಿನ ಯುದ್ಧಕ್ಕೆ ಉಪಯೋಗವಾಗುವ ಸೊತ್ತಾದದರಿಂದ ಅವರನ್ನು ಹಿಡಿದಿಟ್ಟುಕೊಳ್ಳುವೆನೆಂದೂ ಅವನು ಉತ್ತರಕೊಟ್ಟನು.

ಬಾಗಿಲು ತೆರೆಯಿತು, ದೇವರಿಗೆ ಸ್ತೋತ್ರ. ಆದರೆ ಒಳಗೆ ಬಂದವರಿಗೆ ಸಿಕ್ಕಿದ ಹೆಸರು ಸೊತ್ತೆಂಬುದು. ಪ್ರಿಯರೇ, ಸೊತ್ತು ತನ್ನ ಕಾಲಿನಿಂದ ನಡೆದು ಬರುವುದುಂಟೋ? ಮೂಟೆಯು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬರುವುದುಂಟೋ? ಜುಲೈ ತಿಂಗಳು ಮುಗಿಯುವುದರೊಳಗೆ 900 ಮಂದಿ ಅಲ್ಲಿಗೆ ಬಂದು ಸೇರಿದರು. ಅವರಲ್ಲಿ 225 ಮಂದಿ 10 ವರ್ಷಕ್ಕೆ ಕಡಿಮೆಯ ಮಕ್ಕಳು. ಅದೇ ವರ್ಷದ ಸಪ್ಟೆಂಬರಿನಲ್ಲಿ ಮೇರಿ ಪೀಕ್ ಎಂಬಾಕೆಯು ಮಿಷನಿನವರ ನೆರವಿನಿಂದ ಅವರಿಗೆ ಅಕ್ಷರ ಕಲಿಸತೊಡಗಿದಳು. ದಾಸರಿಗೆ ಓದು ಕಲಿಸುವುದೇ ಆ ಸೀಮೆಯಲ್ಲಿ ಅಪರಾಧವಾಗಿತ್ತು. ಆಕೆಯು ಕ್ಷಯರೋಗದಿಂದ ಹಾಸಿಗೆ ಹಿಡಿದಾಗಲೂ ಮಕ್ಕಳನ್ನು ಹತ್ತಿರಕ್ಕೆ ಕರೆಸಿ ಕಲಿಸಿ, 1862ರ ಫೆಬ್ರವರಿಯಲ್ಲಿ ತೀರಿಕೊಂಡಳು. ವಿಧಿಯ ಎರಡನೆಯ ಭಾಗವನ್ನು ಕೈಕೊಂಡವಳು ಈಕೆಯೇ.

ಎರಡನೆಯ ಸಂಗತಿಯು ಕೆಂಟಕಿ ಸೀಮೆಯದು. ಅದು ಒಕ್ಕೂಟದಲ್ಲಿಯೇ ಉಳಿದದ್ದರಿಂದ, ಅಧ್ಯಕ್ಷ ಲಿಂಕನನು 1863ನೆಯ ಜನವರಿ 1ರಂದು ಹೊರಡಿಸಿದ ಬಿಡುಗಡೆಯ ಘೋಷಣೆಯು ಅಲ್ಲಿಗೆ ತಟ್ಟಲಿಲ್ಲ. ದಂಡಿಗೆ ಸೇರಿದ ದಾಸನಿಗೆ ಬಿಡುಗಡೆಯಾಯಿತು. ಅವನ ಹೆಂಡತಿ ಮಕ್ಕಳಿಗಾದರೋ ಇಲ್ಲ. ಗಂಡನ ಹಿಂದೆ ನೆಲ್ಸನ್ ಎಂಬ ದಂಡಿನ ಪಾಳೆಯಕ್ಕೆ ಬಂದಿದ್ದ ಸುಮಾರು 400 ಮಂದಿ ಹೆಂಗಸರನ್ನೂ ಮಕ್ಕಳನ್ನೂ 1864ರ ನವೆಂಬರಿನ ಕೊರೆಯುವ ಚಳಿಯಲ್ಲಿ ಹೊರಗಟ್ಟಿದರು. ಅವರ ಗುಡಿಸಲುಗಳನ್ನು ಹಾಳುಮಾಡಿದರು. ಜೋಸೆಫ್ ಮಿಲ್ಲರ್ ಎಂಬ ಸಿಪಾಯಿಯು, ನನ್ನ ಏಳು ವರ್ಷದ ಮಗನು ಬೇನೆಯಲ್ಲಿದ್ದಾನೆ, ಸಾಯುವನು ಎಂದು ಬೇಡಿಕೊಂಡರೂ ಕಾವಲಿನವನು ಕೇಳಲಿಲ್ಲ. ಆ ರಾತ್ರಿ ತಂದೆಯು ಹುಡುಕುತ್ತಾ ಹೋದಾಗ, 6 ಮೈಲಿ ದೂರದಲ್ಲಿ, ಕರಿಯ ಜನರ ಒಂದು ಸಭಾಗೃಹದಲ್ಲಿ, ಹಸಿವಿನಿಂದಲೂ ಚಳಿಯಿಂದಲೂ ನಡುಗುವ ತನ್ನವರ ನಡುವೆ ಮಗನ ಶವವನ್ನು ಕಂಡನು. ಪಾಳೆಯದ ಅಪ್ಪಣೆಗೆ ಒಳಗಾದವನು ರಾತ್ರಿಯೇ ಹಿಂದಿರುಗಿ, ಮರುದಿನ ಪುನಃ ನಡೆದುಬಂದು, ತನ್ನ ಕೈಯಿಂದಲೇ ಗುಂಡಿ ತೋಡಿ ಮಗುವನ್ನು ಹೂಣಿಟ್ಟನು. ಹೊರಗಟ್ಟಲ್ಪಟ್ಟವರಲ್ಲಿ 102 ಮಂದಿ ಸತ್ತರು. ಈ ತಂದೆಯು ಪ್ರಮಾಣಮಾಡಿ ಕೊಟ್ಟ ಸಾಕ್ಷಿಯು ಪತ್ರಿಕೆಗಳಲ್ಲಿ ಅಚ್ಚಾಗಿ, ಕೂಗು ಎದ್ದು, 1865ನೆಯ ಮಾರ್ಚ್ 3ರಂದು ಸಿಪಾಯಿಗಳ ಹೆಂಡತಿ ಮಕ್ಕಳಿಗೂ ಬಿಡುಗಡೆ ಕೊಡುವ ಕಾಯಿದೆಯು ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶದಲ್ಲೆಲ್ಲಾ ದಾಸತ್ವವು ರದ್ದಾಯಿತು.

ತಂದೆಯ ಭುಜಬಲವು ಬೇಕು, ಅವನ ಮಗುವಿನ ಬೇನೆಯು ಬೇಡ. ಇದೇ ಅರ್ಧ ತೆರೆದ ಬಾಗಿಲು. ಈಗ ನಮ್ಮ ಬಾಗಿಲನ್ನು ನೋಡೋಣ. ನಮ್ಮ ದೇಶದಲ್ಲಿ 1976ರ ಕಾಯಿದೆಯು ಜೀತಪದ್ಧತಿಯನ್ನು ರದ್ದುಮಾಡಿತು. ಆದರೂ ಸಾಲದ ಕಟ್ಟಿನಿಂದ ತಪ್ಪಿಸಿಕೊಂಡು ಒಂದು ಸಂಸಾರವು ಕತ್ತಲೆಯಲ್ಲಿ ನಿಮ್ಮ ಅಂಗಳಕ್ಕೆ ಬಂದರೆ ಏನು ಮಾಡುವಿರಿ? ಧಣಿಗೆ ಸುದ್ದಿ ಕೊಡುವುದಿಲ್ಲವೆಂದು ಹೇಳುವಿರಿ, ಒಳ್ಳೆಯದು. ಆದರೆ ಕುಯಿಲಿಗೆ ಕರೆದು ಕೂಲಿಯನ್ನು ಕಡಿಮೆಮಾಡಿದರೆ, ಆರಾಧನೆಗೆ ಕರೆದು ಹಿಂದಣ ಚಾಪೆಯನ್ನು ತೋರಿಸಿದರೆ, ಅವರ ಮಕ್ಕಳು ಶಾಲೆಗೆ ಹೋದರೋ ಇಲ್ಲವೋ ಎಂದು ಕೇಳದೆ ಹೋದರೆ, ನಾವು ನೆಲ್ಸನ್ ಪಾಳೆಯದ ಕಾವಲಿನವರೇ.

ನಮ್ಮ ಕರ್ತನೂ ಶಿಶುವಾಗಿದ್ದಾಗ ತಾಯಿಯ ಮಡಿಲಲ್ಲಿ ರಾತ್ರಿಯ ವೇಳೆ ಐಗುಪ್ತಕ್ಕೆ ಓಡಿಹೋದವನಲ್ಲವೇ? ಯಾವನೋ ಒಬ್ಬನು ಅಲ್ಲಿ ಆ ಮೂವರಿಗೂ ಬಾಗಿಲನ್ನು ಪೂರ್ತಿಯಾಗಿ ತೆರೆದಿರಬೇಕು. ಅವನ ಹೆಸರು ಬರೆಯಲ್ಪಡಲಿಲ್ಲ; ದೇವರಾದರೋ ಅದನ್ನು ಬಲ್ಲನು. ಅಂಥವರ ಲೆಕ್ಕದಲ್ಲಿ ಆತನು ನಮ್ಮನ್ನೂ ಸೇರಿಸಲಿ. ಆಮೆನ್.