ದಡದಲ್ಲಿ ಅಂಬಿಗನ ಪರೀಕ್ಷೆ

ದುಮ್ಮವಾಡದ ನೆರೆಯ ನೀರಸಾಗರದ ದಂಡೆಯಲ್ಲಿ ನಿಂತವರಿಗೆ ಕಡಲಿನ ನೆನಪು ಬರುವುದು ಅಪರೂಪ. ಆದರೆ ಆ ಜಲಾಶಯವನ್ನು ತುಂಬುವ ಬೇಡ್ತಿಯೇ ಘಟ್ಟವನ್ನಿಳಿದು, ಗಂಗಾವಳಿ ಎನಿಸಿಕೊಂಡು ಅರಬ್ಬೀ ಸಮುದ್ರವನ್ನು ಸೇರುತ್ತದೆ. ನಮ್ಮ ಬಯಲುನಾಡಿನವರೂ ಒಮ್ಮೊಮ್ಮೆ ಆ ಕಡಲಿಗೆ ಹೋಗುವರು. ಅಪರಿಚಿತನೊಬ್ಬನ ಕೈಗೆ ಪ್ರಾಣವನ್ನೊಪ್ಪಿಸಿ ನಾವೆಯನ್ನೇರುವರು. ಆ ನಾವೆಯ ಯಜಮಾನನು ಎಂಥವನಿರಬೇಕು? ಶರಣರಲ್ಲಿಯೇ ಅಂಬಿಗರ ಚೌಡಯ್ಯನವರು ಹುಟ್ಟು ಹಿಡಿದವರಾದುದರಿಂದ ಈ ಪ್ರಶ್ನೆಯು ನಮಗೆ ಹೊರಗಿನದಲ್ಲ.

ಗಾಳಿಯ ದಿಕ್ಕು, ನೀರಿನ ಸೆಳವು, ಹಾಯಿಯ ಹದ ಇವುಗಳ ಅರಿವು ಅವನಿಗೆ ಬೇಕೇ ಬೇಕು. ಅದು ಅಭ್ಯಾಸದಿಂದ ಬರುವ ವಿದ್ಯೆ. ಕಠಿಣವಾದುದು ಬೇರೆ: ಬೇಡವೆನ್ನುವುದು. ಹೊತ್ತು ಮುಳುಗುತ್ತಿದೆ, ಜನರು ಹಣವನ್ನು ಕೈಯಲ್ಲಿ ಹಿಡಿದು ಆತುರಪಡುತ್ತಿದ್ದಾರೆ (ಆ ಆತುರದ ಜನರು ನಾವೇ ಅಲ್ಲವೆ?). ಇನ್ನೊಬ್ಬರಿಗೆ ಸ್ಥಳವಿಲ್ಲವೆಂದವನಿಗೆ ಬೈಗುಳವೇ ಕೂಲಿ. ಆಗದೆ ಹೋದ ಅನಾಹುತವು ಯಾರ ಕಣ್ಣಿಗೂ ಬೀಳುವುದಿಲ್ಲವಾದುದರಿಂದ ಅವನನ್ನು ಹೊಗಳುವವರೂ ಇಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ 16 ಜನರು ಮಡಿದರು. ನಮ್ಮ ನೆರೆಯ ಹಾವೇರಿ ಜಿಲ್ಲೆಯವರೂ ಅವರಲ್ಲಿದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದು ಅಂದಿನ ಪತ್ರಿಕೆಗಳು ಬರೆದವು.

ಹಾಗಾದರೆ ಬೇಡವೆನ್ನುವುದು ಹೇಡಿತನವಾಗಲಾರದೆ? ಆಗಬಹುದು. ಎಂದೂ ದಡ ಬಿಡದವನು ಅಂಬಿಗನೇ ಅಲ್ಲ. ತನ್ನ ನಾವೆಯ ನಿಜಸ್ಥಿತಿಯನ್ನು ಮುಚ್ಚಿಡದೆ ಹೇಳಬಲ್ಲನೆ ಎಂಬುದರಲ್ಲಿಯೇ ವಿವೇಕಿಗೂ ಹೇಡಿಗೂ ಭೇದವು ತಿಳಿಯುವುದೆಂದು ನನ್ನ ಭಾವನೆ.

1968ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು, ಒಬ್ಬಂಟಿಯಾಗಿ ಎಲ್ಲಿಯೂ ನಿಲ್ಲದೆ ಹಾಯಿನಾವೆಯಲ್ಲಿ ಭೂಮಿಯನ್ನು ಸುತ್ತುವ ಪಂದ್ಯವನ್ನು ಸಾರಿತು. ಡೊನಾಲ್ಡ್ ಕ್ರೋಹರ್ಸ್ಟ್ ಎಂಬವನು ಅಕ್ಟೋಬರ್ 31ರಂದು, ಹೊರಡಲು ಅವಕಾಶವಿದ್ದ ಕಡೆಯ ದಿನ, ಅರೆಸಿದ್ಧ ನಾವೆಯೊಡನೆ ಹೊರಟನು. ಅದರೊಳಗೆ ನೀರು ನುಗ್ಗತೊಡಗಿತು. ದಕ್ಷಿಣದ ಮಹಾಸಾಗರವನ್ನು ಅದು ತಾಳದೆಂಬುದು ಅವನಿಗೆ ಬೇಗನೆ ತಿಳಿಯಿತು. ಆದರೆ ಮರಳಿದರೆ ನಾವೆಯ ಬೆಲೆಯನ್ನು ತಾನೇ ತೆರಬೇಕೆಂಬ ಕರಾರಿತ್ತು. ಊರೆಲ್ಲ ಹಬ್ಬಿದ ಹೆಸರೂ ಇತ್ತು. ಅಟ್ಲಾಂಟಿಕ್ ಸಾಗರದಲ್ಲಿಯೇ ಅಲೆಯುತ್ತ, ಲೋಕವನ್ನು ಸುತ್ತುತ್ತಿರುವೆನೆಂದು ರೇಡಿಯೋ ಮೂಲಕ ಸುಳ್ಳು ಸುದ್ದಿ ಕಳುಹಿದನು. ತನ್ನ ದಿನಚರಿಯಲ್ಲಿ ಮಾತ್ರ ನಿಜವಾದ ನೆಲೆಯನ್ನು ಬರೆದಿಟ್ಟಿದ್ದನು. ನುಡಿಯೊಂದು, ನಡೆಯೊಂದು, ನಡುವೆ ಅವನೊಬ್ಬನೇ.

ಆ ಸುಳ್ಳಿಗೆ ಮೊದಲು ಬಲಿಯಾದುದು ಇನ್ನೊಬ್ಬನ ನಾವೆ. ಕ್ರೋಹರ್ಸ್ಟ್ ಬೆನ್ನಟ್ಟಿ ಬರುತ್ತಿರುವನೆಂದು ನಂಬಿದ ನೈಜೆಲ್ ಟೆಟ್ಲಿಯು ತನ್ನ ಜೀರ್ಣಗೊಂಡ ನಾವೆಯನ್ನು ವೇಗವಾಗಿ ಓಡಿಸಿದನು. ಅದು 1969ರ ಮೇ ತಿಂಗಳಲ್ಲಿ ಒಡೆದು ಮುಳುಗಿತು. ಆತನು ಬದುಕಿಕೊಂಡನು. ಜುಲೈ 10ರಂದು ಕ್ರೋಹರ್ಸ್ಟನ ನಾವೆಯು ಸಿಕ್ಕಿತು. ಅದರಲ್ಲಿ ಯಾರೂ ಇರಲಿಲ್ಲ.

ಪಂದ್ಯವನ್ನು ಪೂರೈಸಿದವನು ರಾಬಿನ್ ನಾಕ್ಸ್-ಜಾನ್ಸ್ಟನ್ ಒಬ್ಬನೇ. ಅವನು ಬಹುಮಾನದ 5000 ಪೌಂಡುಗಳನ್ನು ಕ್ರೋಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟನು. ಆ ಕಡಲು ಒಬ್ಬಂಟಿಯನ್ನು ಏನು ಮಾಡಬಲ್ಲುದೆಂಬುದು ಅವನಿಗೂ ಗೊತ್ತಿತ್ತು.