ಸ್ವರ ಅಡಗಿದವನಿಗೆ ನಾವು ಕೊಡತಕ್ಕದ್ದೇನು?

ದೇಹಕ್ಕೆ ಬರುವ ವ್ಯಾಧಿಗಳಲ್ಲಿ ಗಂಟಲು ಕಟ್ಟುವದನ್ನು ಜನರು ಅತಿ ಅಲ್ಪವೆಂದು ಎಣಿಸುತ್ತಾರೆ. ಜ್ವರ ಬಂದವನಿಗೆ ಚಾಪೆ ಹಾಸುವರು, ಕಾಲು ಮುರಿದವನಿಗೆ ಕೋಲು ಕೊಡುವರು; ಸ್ವರ ಅಡಗಿದವನನ್ನಾದರೋ ನೋಡಿ ನಗುವರು. ಆದರೂ ಈ ಅಲ್ಪ ವ್ಯಾಧಿಯೊಳಗೆ ದೊಡ್ಡದೊಂದು ಪ್ರಶ್ನೆಯುಂಟು. ಅದೇನಂದರೆ: ಗಂಟಲು ಕಟ್ಟಿದವನಿಗೆ ಮೌನವೇ ಮುಖ್ಯ ಔಷಧವಾಗಿದ್ದರೆ, ಆ ಮೌನವನ್ನು ಅವನಿಗೆ ಕೊಡತಕ್ಕವರು ಯಾರು?

ಮೊದಲು ಸ್ವರವು ಹ್ಯಾಗೆ ಹುಟ್ಟುತ್ತದೆಂಬದನ್ನು ತಿಳಿಯೋಣ. ಕೊರಳಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಮೃದುವಾದ ಮಡಿಕೆಗಳುಂಟು. ಎದೆಯಿಂದ ಬರುವ ಉಸಿರು ಅವುಗಳ ನಡುವೆ ಹಾಯುವಾಗ ಅವು ಒಂದಕ್ಕೊಂದು ತಗಲಿ ಅದುರುತ್ತವೆ. ಗಂಡಸು ಮಾತಾಡುವಾಗ ಸೆಕೆಂಡಿಗೆ ನೂರಕ್ಕೂ ಮೇಲೆ, ಹೆಂಗಸು ಮಾತಾಡುವಾಗ ಸುಮಾರು 200 ಸಾರಿ. ನೆಗಡಿಯಿಂದಲೋ, ಹೊಗೆಯಿಂದಲೋ, ಅತಿಯಾಗಿ ಕೂಗಿದ್ದರಿಂದಲೋ ಆ ಮಡಿಕೆಗಳು ಬಾತುಕೊಂಡರೆ ಸರಿಯಾಗಿ ಅದುರಲಾರವು. ಆಗ ಸ್ವರವು ಒಡೆಯುವದು, ಇಲ್ಲವೆ ಪೂರಾ ಅಡಗುವದು. ಬಾತ ಕಾಲಿನಿಂದ ಓಡುವವನು ಕಾಲನ್ನು ಕೆಡಿಸಿಕೊಳ್ಳುವ ಹಾಗೆಯೇ ಬಾತ ಗಂಟಲಿನಿಂದ ಕೂಗುವವನು ಗಂಟಲನ್ನು ಕೆಡಿಸಿಕೊಳ್ಳುತ್ತಾನೆ. ಬಲವಂತವಾಗಿ ಪಿಸುಗುಟ್ಟುವದು ಸಹ ಗಂಟಲಿಗೆ ವಿಶ್ರಾಂತಿಯಲ್ಲ.

ಇಂಥವನಿಗೆ ನಮ್ಮ ಮನೆಗಳಲ್ಲಿ ಏನು ಕೊಡುತ್ತಾರೆ? ಉಗುರುಬೆಚ್ಚಗಿನ ನೀರಿನ ಒಂದು ಲೋಟಕ್ಕೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ಉಗುಳಿಸುವರು, ಶುಂಠಿ ಮೆಣಸಿನ ಕಷಾಯವನ್ನೂ ಅರಿಶಿನ ಬೆರೆಸಿದ ಬಿಸಿ ಹಾಲನ್ನೂ ಕುಡಿಸುವರು, ಜೇನು ನೆಕ್ಕಿಸುವರು. ಇವು ಒಳ್ಳೆಯವೇ. ಗಂಟಲು ತೇವವಾಗುವದು, ಉರಿ ತಗ್ಗುವದು. ಆದರೆ ರೋಗವನ್ನು ಇವು ಕೊಂದವೆಂದು ತಿಳಿಯಬಾರದು. ಬಹುಪಾಲು ಗಂಟಲುಬೇನೆ ವೈರಾಣುವಿನಿಂದ ಹುಟ್ಟಿ ಒಂದೆರಡು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಅದಕ್ಕೆ ಅಂಗಡಿಯಿಂದ ತಂದ ಆಂಟಿಬಯಾಟಿಕ್ ಮಾತ್ರೆಯಿಂದ ಪ್ರಯೋಜನವಿಲ್ಲ.

ಮದ್ದು ಹೇಳುವವನು ಅದರ ಮೇರೆಯನ್ನೂ ಹೇಳಬೇಕು. ಒಂದು ವರುಷ ತುಂಬದ ಕೂಸಿಗೆ ಜೇನು ಅಪಾಯಕರವು. ಕುದಿಯುವ ಪಾತ್ರೆಯ ಮೇಲೆ ಮಕ್ಕಳನ್ನು ಬೊಗ್ಗಿಸಿ ಹಬೆ ಕೊಡುವಾಗ ಅದು ಮಗುಚಿ ಮೈ ಸುಡುವದುಂಟು. ರಕ್ತದ ಒತ್ತಡವುಳ್ಳವನು ಅತಿಮಧುರದ ಬೇರನ್ನು ದಿನದಿನವೂ ಅಗಿಯಬಾರದು. ಮಗುವಿಗೆ ಬಲವಾದ ಜ್ವರದೊಡನೆ ನುಂಗಲಾರದಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಬೇಕು, ಯಾಕಂದರೆ ಒಂದು ವಿಧದ ಗಂಟಲುಬೇನೆಯನ್ನು ಅಲಕ್ಷ್ಯ ಮಾಡಿದರೆ ಮುಂದೆ ಹೃದಯದ ಕವಾಟಗಳು ಕೆಡಬಹುದು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿದರೆ ಅದು ಗಂಟಲಮಾರಿಯಾಗಿರಬಹುದು. ಆಗಲೂ, ಉಸಿರು ಕಟ್ಟುವಂತಾದಾಗಲೂ ಒಂದು ಗಳಿಗೆಯೂ ತಡಮಾಡಬಾರದು. ಸ್ವರವು ಮೂರು ವಾರ ಕಳೆದರೂ ತಿಳಿಯಾಗದಿದ್ದರೆ, ಮುಖ್ಯವಾಗಿ ಬೀಡಿ ಹೊಗೆಸೊಪ್ಪುಗಳ ಅಭ್ಯಾಸವುಳ್ಳವನಿಗೆ, ಗಂಟಲಿನ ವೈದ್ಯರ ಪರೀಕ್ಷೆ ಅವಶ್ಯ. ಇದನ್ನು ತಿಳಿದೂ ಹೇಳದೆ ಕಷಾಯ ಮಾತ್ರ ಕೊಟ್ಟು ಕಳುಹಿಸುವವನ ಪ್ರೀತಿಯು ಅರ್ಧ ಪ್ರೀತಿಯೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಉಪ್ಪು ಶುಂಠಿಗಳು ಬಡವನ ಅಡಿಗೆಮನೆಯಲ್ಲಿಯೂ ಸಿಕ್ಕುತ್ತವೆ, ಮೌನವು ಸಿಕ್ಕುವದೋ? ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯುಂಟಷ್ಟೆ. ಆ ಬಂಗಾರವನ್ನು ಬಡವನು ಎಲ್ಲಿಂದ ತಂದಾನು?

ಬೆಂಗಳೂರಿನ ಹೊರವಲಯವನ್ನು ನೋಡಿರಿ. ವೈಟ್‌ಫೀಲ್ಡ್ 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಹುಟ್ಟಿದ ಊರು. ಈಗ ಅಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ನಮ್ಮ ಹಳ್ಳಿಗಳ ಯೌವನಸ್ಥರು ರಾತ್ರಿಯೆಲ್ಲಾ ಟೆಲಿಫೋನಿನಲ್ಲಿ ಮಾತಾಡಿ ಸಂಬಳ ತರುತ್ತಾರೆ. ಪೀಣ್ಯದಲ್ಲಿ ಲೇತು ಪ್ರೆಸ್ಸುಗಳ ಗದ್ದಲದ ನಡುವೆ ಒಬ್ಬರಿಗೊಬ್ಬರು ಕೂಗಿಯೇ ಕೆಲಸ ಸಾಗಿಸಬೇಕು. ಸದ್ದಿನ ನಡುವೆ ಮನುಷ್ಯನು ತನಗೆ ತಿಳಿಯದೆಯೇ ಸ್ವರವನ್ನು ಏರಿಸುತ್ತಾನೆಂದು ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯನು 1911ರಲ್ಲಿಯೇ ತೋರಿಸಿಕೊಟ್ಟನು. ಇವರಿಗೂ, ತರಗತಿಯ ಉಪಾಧ್ಯಾಯಿನಿಗೂ, ತಳ್ಳುಗಾಡಿಯ ತರಕಾರಿಯವನಿಗೂ ಸ್ವರವೇ ಅನ್ನ. ಅದನ್ನು ಉಳಿಸಬೇಕಾದರೆ ಇಂದಿನ ಅನ್ನವನ್ನು ಬಿಡಬೇಕು. ಇಂದಿನ ಅನ್ನ ಬೇಕಾದರೆ ಸ್ವರವನ್ನು ಸವೆಯಿಸಬೇಕು.

ಒಬ್ಬನು, ಗಂಟಲು ಅವನದು, ಅವನೇ ಕಾಪಾಡಿಕೊಳ್ಳಲಿ, ಎಂದಾನು. ಕೋಪದಿಂದ ಅರಚಿ, ಬೀಡಿ ಸೇದಿ ಕೆಡಿಸಿಕೊಂಡವನ ವಿಷಯದಲ್ಲಿ ಆ ಮಾತು ಸ್ವಲ್ಪ ಸಲ್ಲುವದು. ಅನ್ನಕ್ಕಾಗಿ ಮಾತಾಡುವವನ ವಿಷಯದಲ್ಲಿ ಸಲ್ಲದು. ಗಂಟಲು ಅವನದು, ನಿಜ. ಆದರೆ ಅದರ ಫಲವನ್ನು ಉಂಡವರು ಅನೇಕರು. ಯಂತ್ರ ಓಡಿದ್ದು ಒಡೆಯನಿಗಾಗಿ, ಪಾಠ ನಡೆದದ್ದು ನಮ್ಮ ಮಕ್ಕಳಿಗಾಗಿ. ದುಡಿದ ಎತ್ತಿನ ಹೆಗಲು ಹುಣ್ಣಾದರೆ ರೈತನು ನೊಗವನ್ನು ಇಳಿಸುತ್ತಾನೆ. ಮನುಷ್ಯನ ಗಂಟಲಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಇನ್ನೊಬ್ಬನು, ಹೀಗಾದರೆ ಒಡೆಯನ ಕೆಲಸವೇನಾಗಬೇಕು, ಎಂದಾನು. ನಾಲ್ಕು ದಿನ ಬರವಣಿಗೆಯ ಕೆಲಸ ಕೊಡಬಹುದು, ಗದ್ದಲವಿಲ್ಲದ ಸ್ಥಳದಲ್ಲಿ ನಿಲ್ಲಿಸಬಹುದು. ನಾಲ್ಕು ದಿನದ ಮೌನವನ್ನು ಕೊಡದವನು ಮುಂದೆ ನಾಲ್ಕು ವಾರದ ಕೆಲಸವನ್ನು ಕಳೆದುಕೊಳ್ಳಬಹುದು. ಸರಕಾರವು ಸಹ ಈ ಸಾಲವನ್ನು ಒಪ್ಪಿಕೊಂಡಿದೆ: 1948ರ ಕಾಯಿದೆಯಿಂದ ಹುಟ್ಟಿದ ಇಎಸ್‌ಐ ವಿಮೆಗೆ ಸೇರಿ ನಿಯಮದಂತೆ ಚಂದಾ ಸಲ್ಲಿದ ಕಾರ್ಮಿಕನಿಗೆ, ಕೆಲಸಕ್ಕೆ ಶಕ್ತನಲ್ಲವೆಂದು ವಿಮೆಯ ವೈದ್ಯರು ಬರೆದುಕೊಟ್ಟರೆ, ವರುಷಕ್ಕೆ 91 ದಿನಗಳ ವರೆಗೆ ಕೂಲಿಯಲ್ಲಿ ನೂರಕ್ಕೆ 70ರಷ್ಟು ದೊರೆಯುತ್ತದೆ. ಇದು ದಾನವಲ್ಲ, ಹಕ್ಕು. ನಿಮ್ಮ ಮಕ್ಕಳಿಗೆ ಇದನ್ನು ತಿಳಿಸಿರಿ.

ಜಕರೀಯನು ಮೂಕನಾಗಿದ್ದಾಗ ಬಂಧುಗಳು ಮಗುವಿನ ಹೆಸರನ್ನು ತಾವೇ ಇಡಲಿಕ್ಕಿದ್ದರು; ಆದರೂ ಕಡೆಗೆ ಸನ್ನೆಮಾಡಿ ಅವನನ್ನು ಕೇಳಿದರು, ಅವನು ಹಲಗೆಯ ಮೇಲೆ ಬರೆದನು. ಸ್ವರವಿಲ್ಲದವನಿಗೆ ಅಭಿಪ್ರಾಯವಿಲ್ಲವೆಂದು ತಿಳಿಯಬಾರದು. 2015ರ ಸುಮಾರಿಗೆ ಬೆಂಗಳೂರಿನ ಕ್ಯಾನ್ಸರ್ ವೈದ್ಯರಾದ ವಿಶಾಲ್ ರಾವ್ ಅವರು, ರೋಗದಿಂದ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡ ಬಡವರು ಪರದೇಶದ ಸಾಧನಕ್ಕೆ ಸಾವಿರಾರು ರೂಪಾಯಿ ಕೊಡಲಾರದೆ ಮೂಕರಾಗಿ ಉಳಿಯುವದನ್ನು ಕಂಡು, ಒಬ್ಬ ಸ್ನೇಹಿತರೊಡನೆ ಸೇರಿ ಸುಮಾರು 50 ರೂಪಾಯಿಯ ಸಾಧನವೊಂದನ್ನು ರೂಪಿಸಿದರು. ಮಾತಾಡಲಾರದವನ ಕೊರತೆಯನ್ನು ಮಾತಾಡಬಲ್ಲವನು ತನ್ನ ಕರ್ತವ್ಯವೆಂದು ಎಣಿಸಿದರೆ ಏನಾಗಬಹುದೆಂಬದಕ್ಕೆ ಇದು ಸಾಕ್ಷಿ.

ನಾವೆಲ್ಲರೂ ವೈದ್ಯರಲ್ಲ, ಕಾರ್ಖಾನೆಯ ಒಡೆಯರೂ ಅಲ್ಲ. ಆದರೂ ಗಂಟಲು ಕಟ್ಟಿ ಮನೆಗೆ ಬಂದವನ ಮುಂದೆ ಟಿವಿಯ ಸದ್ದನ್ನು ತಗ್ಗಿಸಬಲ್ಲೆವು. ತಲೆಯಾಡಿಸಿ ಉತ್ತರ ಕೊಡಬಹುದಾದ ಪ್ರಶ್ನೆಗಳನ್ನೇ ಕೇಳಬಲ್ಲೆವು. ಮಗನ ಸ್ಲೇಟನ್ನು ಅವನ ಕೈಗೆ ಕೊಡಬಲ್ಲೆವು. ಅವನು ಬರೆದು ಮುಗಿಸುವ ತನಕ ಕಾದಿರಬಲ್ಲೆವು. ಕಷಾಯದ ಲೋಟದೊಡನೆ ಇಷ್ಟನ್ನೂ ಕೊಡೋಣ.